ಉದ್ದ ತೋಳು, ಗಿಡ್ಡ ತೋಳು

ಲಿಫ್ಟ್ ರಿಪೇರಿಯವರ ನಡುವೆ ಸಿಡುಕಪ್ಪ ಯಾರು ಎಂದು ಕೇಳುವವರಿಲ್ಲ. ಹೆತ್ತವರು ಇಟ್ಟ ಹೆಸರು ಕಚೇರಿಯ ಕಡತದಲ್ಲೆಲ್ಲೋ ಧೂಳು ತಿನ್ನುತ್ತಿದೆ. ಎಲ್ಲರ ಬಾಯಿಗೆ ಬರುವುದು ಈ ಅಡ್ಡಹೆಸರೇ. ಮನುಷ್ಯನಿಗೆ ಕೋಪ ಮೂಗಿನ ತುದಿಯಲ್ಲಿ. ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಇಟ್ಟು ಯಾರಾದರೂ ಹರಟೆ ಹೊಡೆಯುತ್ತಿದ್ದರೆ "ಏನ್ರೀ, ಬಾಗಿಲು ನಿಮ್ಮ ತಾತ ಮಾಡಿಸಿದ್ದಾ?" ಎಂದು ಕೇಳಿಯೇಬಿಡುತ್ತಾನೆ. ಕೇಳಿಸಿಕೊಂಡವರು ಕಟ್ಟಡದ ಯಜಮಾನರೇ ಆದರೂ ಅಷ್ಟೆ. ದೂರು ಹೋಗುತ್ತದೆ, ಮೇಲಿನವರು ಕರೆದು ಉಗಿಯುತ್ತಾರೆ, ಮಾರನೆಯ ದಿನ ಮತ್ತೆ ಇವನನ್ನೇ ಅಲ್ಲಿಗೆ ಕಳಿಸುತ್ತಾರೆ. ಹಳೆಯ ಲಿಫ್ಟುಗಳ ಕೆಳಗಿನ ಜಿಡ್ಡು ಗುಂಡಿಗೆ ಇಳಿಯಲು ಬೇರೆ ಯಾರೂ ತಯಾರಿಲ್ಲ. ಇವನಿಗೋ ಗುಂಡಿಯೇ ಇಷ್ಟ. ಅಲ್ಲಿ ಮಾತಾಡಿಸುವವರು ಇರುವುದಿಲ್ಲವಲ್ಲ!

ಮನೆಯಲ್ಲಿ ಇನ್ನೂ ಕಷ್ಟ. ಮುಂದಿನ ಕೋಣೆಯನ್ನು ಇಡಿಯಾಗಿ ನುಂಗಿಕೊಂಡು ಕೂತಿರುವುದು ಒಂದು ಟರ್ನ್‌ಟೇಬಲ್. ಟರ್ನ್‌ಟೇಬಲ್ ಅಂದರೆ ರೆಕಾರ್ಡು ತಿರುಗಿಸುವ ಪೆಟ್ಟಿಗೆ, ಅಷ್ಟೇ ತಾನೆ ಎಂದು ನಿಮಗನ್ನಿಸಿದರೆ ದಯವಿಟ್ಟು ಅವನೆದುರು ಅನ್ನಬೇಡಿ. ಅದರ ತಟ್ಟೆಯೊಂದನ್ನೇ ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುತ್ತದೆ. ಯಾರೋ ನಡೆದರೆ ನೆಲ ಅದುರಿ ರೆಕಾರ್ಡಿನ ಮೇಲಿನ ಮುಳ್ಳು ಹಾರೀತೆಂದು ಅದನ್ನು ನೆಲದ ಮೇಲೆ ಇಟ್ಟಿಲ್ಲ. ಗೋಡೆಗೆ ಕಬ್ಬಿಣದ ಕೈ ಹೊಡೆಸಿ, ಅದರ ಮೇಲೆ ಕಲ್ಲಿನ ಚಪ್ಪಡಿ ಹಾಕಿ, ಚಪ್ಪಡಿಯ ಮೇಲೆ ಕೂರಿಸಿದ್ದಾನೆ. ಹೆಂಡತಿ ಬಟ್ಟೆ ಹೊಲಿಯುವವಳು. ಅವಳ ಹೊಲಿಗೆ ಯಂತ್ರ ಅಡುಗೆಮನೆಯ ಮೂಲೆಗೆ ಗಡೀಪಾರಾಗಿದೆ. ರೆಕಾರ್ಡು ತಿರುಗುವಾಗ ಅದರ ಪೆಡಲು ತುಳಿಯುವ ಹಾಗಿಲ್ಲ.

"ರೀ, ಈ ಮನೇಲಿ ಮನುಷ್ಯರು ಓಡಾಡ್ಬೇಕೋ ಬೇಡ್ವೋ?"

"ಓಡಾಡು. ನೆಲ ಗುದ್ದಬೇಡ."

"ನಾನೇನು ಆನೆನಾ?"

"ಹಾಗಂತ ನಾನು ಅಂದ್ನಾ?"

ಅನ್ನಲಿಲ್ಲ ನಿಜ. ಆದರೆ ಅಂದ ಹಾಗೇ ಇತ್ತು. ಅವಳು ಆ ದಿನ ಅವನ ಅಂಗಿಯ ಗುಂಡಿಗಳನ್ನು ಬೇಕೆಂದೇ ಬಿಗಿಯಾಗಿ ಹೊಲಿದಳು; ಹಾಕಿಕೊಳ್ಳುವಾಗ ಒದ್ದಾಡಲಿ ಎಂದು.

ಇಷ್ಟೆಲ್ಲ ರಾದ್ಧಾಂತ ಸಂಗೀತದ ಹುಚ್ಚಿಗೆ ಎಂದುಕೊಂಡರೆ ತಪ್ಪು. ಈ ದೊಡ್ಡ ಯಂತ್ರ ಹುಟ್ಟಿಕೊಂಡದ್ದು ಒಂದೇ ಒಂದು ರೆಕಾರ್ಡಿಗಾಗಿ. ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅಲ್ಯೂಮಿನಿಯಂ ತಟ್ಟೆಗೆ ಕಪ್ಪು ವಾರ್ನಿಷ್ ಬಳಿದು, ಆ ವಾರ್ನಿಷಿನಲ್ಲೇ ಗೆರೆ ಕೊರೆದದ್ದು. ಜಗತ್ತಿನಲ್ಲಿ ಅದರದ್ದು ಇನ್ನೊಂದಿಲ್ಲ. ಮನೆಯವರೆಲ್ಲ ಅದನ್ನು 'ಪ್ಲೇಟು' ಅನ್ನುತ್ತಾರೆ.

ಸಿಡುಕಪ್ಪನ ಅಮ್ಮ ಹಾಡು ಮುದ್ರಿಸುವ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುತ್ತಿದ್ದಳು. ಶಾಲೆಗೆ ರಜೆ ಇದ್ದಾಗ ಗಂಡುಮಕ್ಕಳಿಬ್ಬರನ್ನೂ ಜೊತೆಗೇ ಕರೆದೊಯ್ಯುತ್ತಿದ್ದಳು. ಒಂದು ದಿನ ಅಲ್ಲಿನ ಇಂಜಿನಿಯರು ಹೊಸದಾಗಿ ಬಂದ ಕೊರೆಯುವ ಯಂತ್ರವನ್ನು ಪರೀಕ್ಷಿಸಬೇಕಿತ್ತು; ಹಾಡುವವರು ಯಾರೂ ಇರಲಿಲ್ಲ. "ಬಾರಮ್ಮ, ನೀನೇ ಏನಾದ್ರೂ ಹಾಡು" ಎಂದ. ಅವಳು ಪೊರಕೆ ಗೋಡೆಗೆ ಒರಗಿಸಿ, ತುಂಬು ಬಸುರಿನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಪದವಿಲ್ಲದ ಒಂದು ಜೋಗುಳವನ್ನು ಗುನುಗಿದಳು. ಹಿಂದೆ ಅಣ್ಣತಮ್ಮ ಇಬ್ಬರೂ ಒಂದು ಸ್ಟೂಲಿಗಾಗಿ ಕಿತ್ತಾಡುತ್ತಿದ್ದರು. ಸ್ಟೂಲು ಧಡಾರನೆ ಬಿತ್ತು. ಅವಳು ಹಾಡು ನಿಲ್ಲಿಸಿ "ಥೂ ಕತ್ತೆಗಳಾ, ಒಂದು ಗಳಿಗೆ ಸುಮ್ನಿರೋಕಾಗಲ್ವಾ ನಿಮ್ಗೆ?" ಎಂದು ಬೈದಳು. ಬೈದವಳಿಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟಳು. ಅಲ್ಲಿಗೆ ಪ್ಲೇಟು ಮುಗಿಯಿತು.

ಸ್ವಲ್ಪ ದಿನಕ್ಕೆ ಹೆಣ್ಣುಮಗುವನ್ನು ಹೆತ್ತು ಆಸ್ಪತ್ರೆಯಲ್ಲೇ ತೀರಿಕೊಂಡಳು. ಮಗುವನ್ನು ಚಿಕ್ಕಮ್ಮ ತನ್ನ ಊರಿಗೆ ಒಯ್ದಳು. ಇಂಜಿನಿಯರು ಮನೆಗೆ ಬಂದು, ಪ್ಲೇಟನ್ನು ದೊಡ್ಡ ಮಗನ ಕೈಗಿಟ್ಟು, "ದೊಡ್ಡೋನು ನೀನು, ಜೋಪಾನ" ಎಂದು ಹೋದ. ಪಕ್ಕದಲ್ಲೇ ನಿಂತಿದ್ದ ಚಿಕ್ಕವನ ಕಡೆ ತಿರುಗಿಯೂ ನೋಡಲಿಲ್ಲ. ಆ ದಿನ ಸಿಡುಕಪ್ಪನ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಇವತ್ತಿಗೂ ಆರಿಲ್ಲ.

ಅಣ್ಣ ಬೆಳೆದು ಕನ್ನಡಕದ ಅಂಗಡಿ ಇಟ್ಟ. ಒಂದು ಸೂಟ್‌ಕೇಸಿನಂಥ ಅಗ್ಗದ ಪ್ಲೇಯರು ಕೊಂಡು, ಅದರಲ್ಲಿ ಪ್ಲೇಟು ಹಾಕಿ ಕೇಳುತ್ತಿದ್ದ. ಅದರಲ್ಲಿ ಮುಳ್ಳನ್ನು ಹಿಡಿದ ತೋಳಿನ ಭಾರಕ್ಕೆ ಮುಳ್ಳು ಪ್ಲೇಟನ್ನು ಉತ್ತುಹಾಕುತ್ತಿತ್ತು. "ಕೇಳ್ತಿದೀಯೋ, ನೇಗಿಲು ಹೊಡೀತಿದೀಯೋ?" ಎಂದು ತಮ್ಮ ಒಂದು ದಿನ ಆ ತೋಳನ್ನೇ ಹಿಡಿದು ಲಟಕ್ಕನೆ ಮುರಿದ. ಅಣ್ಣ ಕೆನ್ನೆಗೆ ಬಾರಿಸಿದ. ಅಂದಿನಿಂದ ಇಬ್ಬರೂ ಹಾವು ಮುಂಗುಸಿ. ತಮಾಷೆ ನೋಡಿ: ಪ್ಲೇಟು ಅಣ್ಣನ ಬೀರುವಿನಲ್ಲಿ, ಅದನ್ನು ನೋಯಿಸದೆ ನುಡಿಸುವ ಯಂತ್ರ ತಮ್ಮನ ಗೋಡೆಯ ಮೇಲೆ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಅಮ್ಮನ ದನಿ ಇಲ್ಲ. ಅಪರೂಪಕ್ಕೆ ಅಣ್ಣ ಪ್ಲೇಟು ಹಿಡಿದು ಬರುತ್ತಿದ್ದ, ಇಬ್ಬರೂ ಒಂದು ಸಲ ಕೇಳುತ್ತಿದ್ದರು, ಜಗಳವಾಡುತ್ತಿದ್ದರು, ಅವನು ಪ್ಲೇಟು ಕಂಕುಳಲ್ಲಿ ಅವುಚಿಕೊಂಡು ದಡದಡ ಮೆಟ್ಟಿಲಿಳಿದು ಹೋಗುತ್ತಿದ್ದ.

ಒಂದು ಕೊರತೆ ಉಳಿದೇ ಇತ್ತು. ಮುಳ್ಳನ್ನು ಹೊತ್ತ ತೋಳಿನ ಒಂದು ತುದಿ ಗೂಟಕ್ಕೆ ಸಿಕ್ಕಿರುತ್ತದೆ. ಹಾಗಾಗಿ ಅದು ನೇರವಾಗಿ ಅಲ್ಲ, ಕಮಾನಿನ ಹಾಗೆ ಬಾಗುತ್ತ ಒಳಗೆ ಬರುತ್ತದೆ. ಪ್ಲೇಟಿನ ಕೊನೆಯಲ್ಲಿ, ಗೆರೆಗಳು ಕಿರಿದಾಗುವ ಕಡೆ, ಮುಳ್ಳು ಒಂಚೂರು ಓರೆಯಾಗುತ್ತದೆ. ಓರೆಯಾದಲ್ಲಿ ದನಿ ಒಡೆಯುತ್ತದೆ. ಅಮ್ಮ ನಕ್ಕಿದ್ದು ಸರಿಯಾಗಿ ಅಲ್ಲೇ. ಜೋಗುಳ ಹಾಲಿನ ಹಾಗೆ ಬರುತ್ತಿತ್ತು, ಬೈಗುಳವೂ ಸ್ಪಷ್ಟ; ನಗು ಬಂತೆಂದರೆ ಮಾತ್ರ ಸರಸರ, ಗೊರಗೊರ. ಅದನ್ನು ಸರಿಪಡಿಸಬೇಕಾದರೆ ಒಳ್ಳೆಯ ತೋಳೇ ಬೇಕು. ಸಿಡುಕಪ್ಪ ವರ್ಷಗಟ್ಟಲೆ ಇದೊಂದೇ ಧ್ಯಾನದಲ್ಲಿದ್ದ.

ಈ ಧ್ಯಾನಕ್ಕೆ ಬಲಿಯಾದವಳು ತಂಗಿ. ಅವಳು ಈಗ ಆಸ್ಪತ್ರೆಯೊಂದರಲ್ಲಿ ನರ್ಸು. ಅಮ್ಮನ ದನಿಯನ್ನು ಅವಳು ಒಮ್ಮೆಯೂ ಕೇಳಿಲ್ಲ. ಬಂದಾಗೆಲ್ಲ ಕೇಳಿಸು ಅನ್ನುತ್ತಿದ್ದಳು. ಒಮ್ಮೆ ಅಣ್ಣಂದಿರು ಬಾಗಿಲಲ್ಲೇ ಕಚ್ಚಾಡಿ, ಪ್ಲೇಟು ಬಟ್ಟೆಯಿಂದ ಹೊರಗೇ ಬರಲಿಲ್ಲ. ಇನ್ನೊಮ್ಮೆ ಸಿಡುಕಪ್ಪನೇ ಬೇಡ ಅಂದ: "ಈ ತೋಳಲ್ಲಿ ಬೇಡ ಕಣೇ. ಮೊದಲ್ನೇ ಸಲ ಕೇಳೋದು ಸರಿಯಾಗಿ ಕೇಳು. ಅಮ್ಮ ಒಡಕು ಡಬ್ಬದ ಥರ ನಕ್ಕಿದ್ದನ್ನ ಕೇಳ್ತೀಯಾ?" ಅವಳ ಮೇಲಿನ ಅಕ್ಕರೆಗೇ ಅಂದದ್ದು; ಇಲ್ಲವೆಂದು ಯಾರು ಹೇಳುತ್ತಾರೆ? ಆದರೆ ಇಂಥ ಅಕ್ಕರೆ ಶತ್ರುವಿಗೂ ಬೇಡ. ಕೊನೆಗೆ ಅವಳು ಫೋನಿನಲ್ಲಿ ಸಿಡಿದಳು.

"ಚಿಕ್ಕಣ್ಣ, ಬರೋ ಭಾನುವಾರ ಮಧ್ಯಾಹ್ನ ಬರ್ತೀನಿ. ದೊಡ್ಡಣ್ಣಂಗೂ ಹೇಳಿದೀನಿ. ಈ ಸಲ ಕೇಳಿಸ್ಲಿಲ್ಲ ಅಂದ್ರೆ ನಿಮ್ಮಿಬ್ರ ಮನೆ ಹೊಸ್ತಿಲೂ ತುಳಿಯಲ್ಲ, ನೆನಪಿಟ್ಕೊ."

ಸಿಡುಕಪ್ಪ ಮರುದಿನವೇ ರೆಕಾರ್ಡಿನ ಅಂಗಡಿಗೆ ಓಡಿದ. ಅಂಗಡಿಯವ ಸಣಕಲ, ಎಂದೂ ದನಿ ಏರಿಸದವನು. ಅದಕ್ಕೇ ಸಿಡುಕಪ್ಪನಿಗೆ ಅವನನ್ನು ಕಂಡರೆ ಆಗದು. ಅವನು ಎರಡು ತೋಳುಗಳನ್ನು ಗಾಜಿನ ಮೇಜಿನ ಮೇಲೆ ಮಲಗಿಸಿದ. ಒಂದು ಉದ್ದದ್ದು, ಭಾರವಾದದ್ದು. ಉದ್ದವಿದ್ದಷ್ಟೂ ಕಮಾನು ದೊಡ್ಡದು, ಕೊನೆಯಲ್ಲಿ ಓರೆ ಕಡಿಮೆ. ಇನ್ನೊಂದು ಗಿಡ್ಡದು, ಹುಲ್ಲಿನ ಹಾಗೆ ಹಗುರ. ಓರೆ ಸ್ವಲ್ಪ ಇದ್ದರೂ ಗೆರೆಯ ಏರಿಳಿತಕ್ಕೆ ತಟ್ಟನೆ ಓಗೊಡುತ್ತದೆ.

"ಎರಡೂ ತಗೊಂಡೋಗಿ. ಯಾವ್ದು ಒಗ್ಗುತ್ತೋ ಇಟ್ಕೊಳ್ಳಿ, ಇನ್ನೊಂದು ವಾಪಸ್ ಕೊಡಿ" ಎಂದ ಅಂಗಡಿಯವ. "ಆದ್ರೆ ಸಾರ್, ಮಾಮೂಲಿ ರೆಕಾರ್ಡಲ್ಲಿ ಪರೀಕ್ಷೆ ಮಾಡಿ. ಆ ವಾರ್ನಿಷ್ ಪ್ಲೇಟ್ ಹಾಕ್ಬೇಡಿ. ಅದು ಮೆತ್ತಗಿರುತ್ತೆ, ಹಳೇದಾದ್ರೆ ಪುಡಿ ಪುಡಿ ಆಗುತ್ತೆ. ಮುಳ್ಳು ಹೋದಾಗೆಲ್ಲ ಒಂಚೂರು ಹೋಗುತ್ತೆ."

"ನಂಗೇ ಪಾಠ ಹೇಳ್ತೀಯಾ? ಬೇರೆ ಯಾರದೋ ಹಾಡಿಗೆ ಒಗ್ಗೋ ತೋಳು ಕಟ್ಕೊಂಡು ನಾನೇನ್ ಮಾಡ್ಲಿ? ನಮ್ಮಮ್ಮನ ನಗು ಬರ್ಬೇಕು, ತಿಳೀತಾ?"

"ಹಾಗಾದ್ರೆ ಮೊದಲು ಒಂದು ಕಾಪಿನಾದ್ರೂ ಮಾಡ್ಕೊಳ್ಳಿ."

"ಕಾಪಿ ಮಾಡೋಕೇ ಕಣಯ್ಯಾ ತೋಳು ಬೇಕಾಗಿರೋದು! ಕೆಟ್ಟ ತೋಳಲ್ಲಿ ಕಾಪಿ ಮಾಡಿದ್ರೆ ಕೆಟ್ಟದ್ದೇ ಉಳ್ಕೊಳ್ಳುತ್ತೆ. ಸರಿಯಾದ ತೋಳು, ಒಂದೇ ಒಂದು ಸಲ, ಸರಿಯಾದ ಕಾಪಿ. ಅಷ್ಟೆ."

ಅಂಗಡಿಯವ ಹೆಗಲು ಕುಣಿಸಿ ಪೆಟ್ಟಿಗೆ ಕಟ್ಟಿಕೊಟ್ಟ. ಸಿಡುಕಪ್ಪ ಹೇಳಿದ್ದು ಹುಚ್ಚು ಮಾತೇನಲ್ಲ. ಈ ಗೀಳಿನವರೆಲ್ಲ ಹೀಗೇ ಯೋಚಿಸುತ್ತಾರೆ. ಇರುವುದನ್ನು ಹಿಡಿದಿಟ್ಟುಕೊಳ್ಳೋಣ ಅನ್ನುವುದಿಲ್ಲ, ಮೊದಲು ಅದು ಸಂಪೂರ್ಣವಾಗಲಿ ಅನ್ನುತ್ತಾರೆ.

ಅವನ ಯಂತ್ರದಲ್ಲಿ ಎರಡು ತೋಳು ಕೂರಿಸಲು ಜಾಗವಿತ್ತು. ಬಲಕ್ಕೆ ಗಿಡ್ಡದನ್ನು, ಹಿಂದಕ್ಕೆ ಉದ್ದದ್ದನ್ನು ಬಿಗಿದ. ಮುಳ್ಳಿನ ತಲೆ ಮಾತ್ರ ಒಂದೇ; ಒಂದರಿಂದ ಕಳಚಿ ಇನ್ನೊಂದಕ್ಕೆ ಸಿಕ್ಕಿಸಬಹುದು. ಹಾಗೆ ಮಾಡಿದರೇ ಹೋಲಿಕೆಗೆ ನ್ಯಾಯ ಎಂದು ಹೆಂಡತಿಗೆ ಉಪದೇಶ ಮಾಡಿದ. "ನ್ಯಾಯ ಅಂತೆ ನ್ಯಾಯ" ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಭಾನುವಾರ ಬೆಳಗ್ಗೆ ಅಣ್ಣ ಬಂದ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಪ್ಲೇಟು ಸುತ್ತಿಕೊಂಡು, ಎದೆಗೊತ್ತಿಕೊಂಡು.

"ಕೈ ತೊಳ್ಕೊಂಡಿದೀಯೇನೋ?" ಒಳಗೆ ಕಾಲಿಟ್ಟವನ ಮೊದಲ ಮಾತೇ ಇದು. "ಲಿಫ್ಟಿನ ಗ್ರೀಸ್ ಮೆತ್ಕೊಂಡು ಪ್ಲೇಟ್ ಮುಟ್ಟಬೇಡ."

"ನಿನ್ ನಾಲಿಗೆ ತೊಳ್ಕೊಂಡ್ ಬಂದಿದೀಯಾ ಮೊದ್ಲು?"

"ಭಾವ, ಕೂತ್ಕೊಳ್ಳಿ, ಕಾಫಿ ತರ್ತೀನಿ" ಎಂದಳು ಸಿಡುಕಪ್ಪನ ಹೆಂಡತಿ, ನಡುವೆ ನುಸುಳಿ.

ಮೊದಲು ಉದ್ದದ ತೋಳು. ಸಿಡುಕಪ್ಪ ಉಸಿರು ಬಿಗಿಹಿಡಿದು ಮುಳ್ಳು ಇಳಿಸಿದ. ಜೋಗುಳ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಗೋಡೆ ನೋಡುತ್ತಿದ್ದರು. ಸ್ಟೂಲು ಬಿತ್ತು. ಬೈಗುಳ ಬಂತು. ಆಮೇಲೆ ಅಮ್ಮ ನಕ್ಕಳು. ಸರಸರವಿಲ್ಲ, ಗೊರಗೊರವಿಲ್ಲ, ಕೋಣೆಯಲ್ಲೇ ಎಲ್ಲೋ ನಿಂತು ನಕ್ಕ ಹಾಗೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಹೆಂಡತಿಯ ಮೈ ಜುಮ್ಮೆಂದಿತು.

ಅಣ್ಣನ ಕಣ್ಣು ಒದ್ದೆಯಾಗಿತ್ತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಅಂದ: "ಇದೇ. ಇನ್ನೇನೂ ನೋಡೋದು ಬೇಡ. ಉದ್ದದ್ದೇ."

ಅಯ್ಯೋ, ಆ ಬಾಯಿಂದ ಆ ಮಾತು ಬರಬಾರದಿತ್ತು! ಆ ಗಳಿಗೆಯವರೆಗೆ ಸಿಡುಕಪ್ಪನಿಗೂ ಹಾಗೇ ಅನ್ನಿಸಿತ್ತು. ಇದೇ ಎಂದು ಹೇಳಲು ಬಾಯಿ ತೆರೆದೂ ಇದ್ದ. ಅಣ್ಣ ಮೊದಲು ಹೇಳಿದ್ದೇ ತಡ, ಮೈಯೆಲ್ಲ ಉರಿಯಿತು. ಪ್ಲೇಟು ಅವನದು, ದೊಡ್ಡವನು ಅವನು, ಈಗ ತೋಳಿನ ತೀರ್ಪೂ ಅವನದೇನು? ವರ್ಷಗಟ್ಟಲೆ ಗೋಡೆಗೆ ಕಲ್ಲು ಕಟ್ಟಿದವನು ಯಾರು?

"ಗಿಡ್ಡದ್ದು ಕೇಳ್ದೇನೇ ಹೇಗ್ ಹೇಳ್ತೀಯ? ಕನ್ನಡಕ ಮಾರೋನಿಗೆ ಕಿವಿ ಯಾವಾಗ ಬಂತು?"

"ರೀ, ಈಗ ಎಷ್ಟು ಚೆನ್ನಾಗಿ ಬಂತು! ಇದ್ರಲ್ಲೇ ಕಾಪಿ ಮಾಡ್ಕೊಂಡ್ಬಿಡಿ" ಎಂದಳು ಹೆಂಡತಿ. "ಇಲ್ಲಾ, ನಾನು ಫೋನಲ್ಲಾದ್ರೂ ಹಿಡ್ಕೊಳ್ತೀನಿ, ಇನ್ನೊಂದ್ಸಲ ಹಾಕಿ."

ಅವಳು ಫೋನು ಎತ್ತಿದ್ದೇ ತಡ ಸ್ಪೀಕರಿನಲ್ಲಿ ಗುರ್ ಗುರ್ ಎಂದು ಸದ್ದಾಯಿತು. ಫೋನು ಹತ್ತಿರ ಬಂದರೆ ಆ ಸೂಕ್ಷ್ಮ ಯಂತ್ರ ಹಾಗೇ ಗುರುಗುಟ್ಟುತ್ತದೆ. ಸಿಡುಕಪ್ಪ ಹೌಹಾರಿ ಅವಳ ಕೈಯಿಂದ ಫೋನು ಕಿತ್ತುಕೊಂಡ, ಅಣ್ಣನ ಜೇಬಿಗೂ ಕೈ ಹಾಕಿ ಅವನದನ್ನೂ ತೆಗೆದ, ಎಲ್ಲವನ್ನೂ ಅಡುಗೆಮನೆಯ ಅಕ್ಕಿ ಡಬ್ಬಿಯ ಹಿಂದೆ ಇಟ್ಟು ಬಂದ.

"ಫೋನಂತೆ! ನಮ್ಮಮ್ಮನ್ನ ತಗಡಿನ ಡಬ್ಬೀಲಿ ತುಂಬ್ತೀಯಾ?"

"ಡಬ್ಬೀಲಾದ್ರೂ ಇರ್ತಾರಲ್ರೀ."

ಆ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಳ್ಳಿನ ತಲೆಯನ್ನು ಗಿಡ್ಡ ತೋಳಿಗೆ ಸಿಕ್ಕಿಸುವುದರಲ್ಲಿ ಮುಳುಗಿದ್ದ. ಗಿಡ್ಡದರಲ್ಲೂ ನಗು ಚೆನ್ನಾಗಿಯೇ ಬಂತು. ಆದರೆ ಎಲ್ಲೋ ಒಂದು ಕೂದಲೆಳೆಯಷ್ಟು ಒಡಕು ಇತ್ತು. ಅದು ಸಿಡುಕಪ್ಪನಿಗೂ ಕೇಳಿಸಿತು. ಒಪ್ಪಿಕೊಳ್ಳುವವನು ಅವನಲ್ಲ.

"ನೋಡು, ಇದ್ರಲ್ಲಿ ಜೀವ ಇದೆ. ಉದ್ದದ್ದು ಮಂಕು."

"ಒಡೀತಾ ಇದೆ ಕಣೋ, ಕಿವುಡಾ!"

"ಒಡೀತಿರೋದು ನಿನ್ ತಲೆ. ಇನ್ನೊಂದ್ಸಲ ಕೇಳು."

ಇನ್ನೊಂದು ಸಲ. ಆಮೇಲೆ ಉದ್ದದ್ದರಲ್ಲಿ ಮತ್ತೊಂದು ಸಲ. ಹಾಡು ಬೇಡ, ಬೈಗುಳ ಬೇಡ, ನಗು ಒಂದನ್ನೇ ಹೋಲಿಸಿದರೆ ಸಾಕು ಎಂದು ಮುಳ್ಳನ್ನು ನೇರ ಪ್ಲೇಟಿನ ಕೊನೆಗೇ ಇಳಿಸತೊಡಗಿದರು. ಅಮ್ಮ ನಕ್ಕಳು. ತಲೆ ಬದಲಾಯಿತು. ಅಮ್ಮ ನಕ್ಕಳು. "ನೀನು ನೋಡ್ಕೊಂಡು ಹೇಳ್ತಿದೀಯ, ಕೇಳ್ಕೊಂಡಲ್ಲ" ಎಂದು ಅಣ್ಣ ಆರೋಪಿಸಿದ. ಹಾಗಾದರೆ ಕಣ್ಣು ಮುಚ್ಚಿ ಕೇಳೋಣ, ಯಾವ ತೋಳೆಂದು ಗೊತ್ತಾಗದ ಹಾಗೆ ಇವಳು ಬದಲಾಯಿಸಲಿ ಎಂದಾಯಿತು. ಸೂಜಿಗೆ ದಾರ ಪೋಣಿಸುವ ಕೈ ಅವಳದು; ಚೆನ್ನಾಗಿಯೇ ಬದಲಾಯಿಸಿದಳು. ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ಕೂತು, ಶಾಲೆಯಲ್ಲಿ ಶಿಕ್ಷೆಗೆ ನಿಂತವರ ಹಾಗೆ, "ಇದು ಉದ್ದ", "ಅಲ್ಲ, ಇದು ಗಿಡ್ಡ" ಎಂದು ಕೂಗಿದರು. ಇಬ್ಬರ ಉತ್ತರವೂ ಎಡವಟ್ಟಾಯಿತು. ತಪ್ಪಾದದ್ದಕ್ಕೆ ಇಬ್ಬರೂ ಸೇರಿ ಅವಳನ್ನೇ ಬೈದರು.

"ನೀನು ಬೇಕಂತ್ಲೇ ಗಿಡ್ಡದ್ದನ್ನೇ ಎರಡ್ಸಲ ಹಾಕ್ತಿದೀಯ!"

"ನಂಗೇನ್ರೀ ಕರ್ಮ! ನೀವಿಬ್ರೂ ಮನುಷ್ಯರಾ? ಅವರು ನಗ್ತಿದಾರೆ, ಅದು ಕೇಳಿಸ್ತಾ ಇಲ್ವಾ ನಿಮ್ಗೆ?"

ಅವಳು ಮುಳ್ಳಿನ ತಲೆಯನ್ನು ಬೆಳಕಿಗೆ ಹಿಡಿದಳು. ತುದಿಯಲ್ಲಿ ಕಪ್ಪು ಪುಡಿ ಕಟ್ಟಿತ್ತು.

"ಇದೇನ್ರೀ ಇದು?"

"ಧೂಳು. ಬ್ರಷ್ ತಗೊ, ಒರೆಸು."

ಅಣ್ಣ ತನ್ನ ಅಂಗಡಿಯ ಮೆತ್ತನೆಯ ಬ್ರಷ್ ಕೊಟ್ಟ. ಅವಳು ಒರೆಸಿದಳು. ಮತ್ತೆ ಹಾಕಿದಳು, ಮತ್ತೆ ಪುಡಿ ಕಟ್ಟಿತು, ಮತ್ತೆ ಒರೆಸಿದಳು. ಮುಖ ಕಿವುಚಿಕೊಂಡು ಪುಡಿಯನ್ನು ಸೆರಗಿಗೆ ಉಜ್ಜಿಕೊಂಡಳು. ಧೂಳಲ್ಲ ಅದು, ಪ್ಲೇಟೇ. ಸಿಡುಕಪ್ಪನಿಗೆ ಅದು ತಿಳಿಯದ ವಿಷಯವಲ್ಲ. ಅಂಗಡಿಯವ ಹೇಳಿಯೂ ಇದ್ದ. ಆದರೆ ಆ ಬೆಳಗ್ಗೆ ಅವನ ತಲೆಯಲ್ಲಿ ಇದ್ದದ್ದು ಒಂದೇ: ಅಣ್ಣನ ಬಾಯಿಂದ 'ಗಿಡ್ಡದ್ದೇ ಸರಿ' ಅನ್ನಿಸುವುದು.

ಹೊತ್ತೇರಿದ ಹಾಗೆ ನಗು ಸಣ್ಣಗಾಗತೊಡಗಿತು. ಅದನ್ನೂ ಅವರು ತಮ್ಮ ತಮ್ಮ ವಾದಕ್ಕೇ ಬಳಸಿಕೊಂಡರು ನೋಡಿ!

"ಕೇಳಿದ್ಯಾ? ಗಿಡ್ಡದ್ದು ನಗುನ ನುಂಗ್ತಾ ಇದೆ" ಎಂದ ಅಣ್ಣ.

"ಈಗ ಹಾಕಿರೋದು ಉದ್ದದ್ದು! ನುಂಗ್ತಿರೋದು ಅದೇ" ಎಂದ ತಮ್ಮ.

"ತೂಕ ಹೆಚ್ಚಿಸು, ಮುಳ್ಳು ಸರಿಯಾಗಿ ಕೂರ್ತಿಲ್ಲ."

ಹುಟ್ಟಿದಾಗಿನಿಂದ ಅಣ್ಣನ ಒಂದು ಮಾತೂ ಕೇಳದ ಸಿಡುಕಪ್ಪ ಇದೊಂದನ್ನು ಕೇಳಿದ. ತೋಳಿನ ಹಿಂದಿನ ತೂಕ ತಿರುಗಿಸಿ ಮುಳ್ಳಿನ ಒತ್ತಡ ಹೆಚ್ಚಿಸಿದ. ಎರಡು ತೋಳಿಗೂ. ಸ್ವಲ್ಪ ಹೊತ್ತು ನಗು ತುಸು ಜೋರಾಗಿ ಬಂದ ಹಾಗನ್ನಿಸಿತು. ಆಮೇಲೆ ಬರೀ ಸುಯ್ ಎನ್ನುವ ಸದ್ದು.

"ತಲೆ ಬದಲಾಯಿಸೇ."

ಬದಲಾಯಿಸಿದಳು. ಸುಯ್.

"ಇನ್ನೊಂದಕ್ಕೆ ಹಾಕು."

"ಎರಡರಲ್ಲೂ ಇಲ್ಲ ರೀ" ಎಂದಳು ಹೆಂಡತಿ. "ಇಬ್ರೂ ಕಣ್ಣು ಬಿಟ್ಟು ನೋಡಿ ಮೊದ್ಲು. ಎರಡರಲ್ಲೂ ಇಲ್ಲ."

ಅಣ್ಣ ಜೇಬಿನಿಂದ ಮಸೂರ ತೆಗೆದು ಕಣ್ಣಿಗೆ ಒತ್ತಿಕೊಂಡು ಪ್ಲೇಟಿನ ಮೇಲೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಹೊರಗಿನ ಗೆರೆಗಳೆಲ್ಲ ಕಪ್ಪಗೆ ಹೊಳೆಯುತ್ತಿದ್ದವು. ಒಳಗಿನ ಅಂಚಿನಲ್ಲಿ, ನಗುವಿದ್ದ ಕಡೆ, ಬೂದು ಬಣ್ಣದ ಒಂದು ಪಟ್ಟಿ. ಅಲ್ಲಲ್ಲಿ ವಾರ್ನಿಷ್ ಪೂರ್ತಿ ಎದ್ದು ಕೆಳಗಿನ ಅಲ್ಯೂಮಿನಿಯಂ ಇಣುಕುತ್ತಿತ್ತು. ಅವನು ಮಸೂರವನ್ನು ತಮ್ಮನ ಕೈಗೆ ಕೊಡಲಿಲ್ಲ, ಎಸೆದ.

"ತಿಂದ್ಬಿಟ್ಟೆಯಲ್ಲೋ! ಇಷ್ಟು ವರ್ಷ ಬೀರುನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ನಲ್ಲೋ, ಒಂದು ಬೆಳಗ್ಗೇಲಿ ತಿಂದು ತೇಗಿದೆ!"

"ನಾನಾ? ತೂಕ ಹೆಚ್ಚಿಸು ಅಂದೋನು ಯಾರು?"

"ಮೊದಲ್ನೇ ಸಲಕ್ಕೇ ಉದ್ದದ್ದು ಅಂದ್ನಲ್ಲ, ಅಲ್ಲಿಗೇ ನಿಲ್ಸಿದ್ರೆ? ಅಲ್ಲಿಗೆ ನಿಲ್ಸಿದ್ರೆ ಏನಾಗ್ತಿತ್ತು ನಿಂಗೆ? ಗಂಟು ಹೋಗ್ತಿತ್ತಾ?"

"ನೀನು ಸುಮ್ನಿದ್ದಿದ್ರೆ ನಾನೇ ಉದ್ದದ್ದು ಅಂತಿದ್ದೆ!" ಎಂದು ಸಿಡುಕಪ್ಪ ಕಿರುಚಿದ. ಕಿರುಚಿದ ಮೇಲೆ ತಾನು ಏನೆಂದೆ ಎಂದು ಅವನಿಗೇ ಕೇಳಿಸಿತು. ಅಣ್ಣ ಅವನ ಕಾಲರು ಹಿಡಿದ. ಇವನು ಅವನ ಕೈ ತಿರುಚಿದ. ಹೆಂಡತಿ "ಕಲ್ಲು! ಕಲ್ಲಿಗೆ ತಾಗ್ತೀರ!" ಎಂದು ಕೂಗುತ್ತಿರುವಾಗ ಬಾಗಿಲ ಗಂಟೆ ಬಾರಿಸಿತು.

ತಂಗಿ ಒಳಗೆ ಬಂದಳು. ಬಸ್ಸಿನಲ್ಲಿ ಕೂತು ನಲುಗಿದ್ದರೂ ಹಬ್ಬಕ್ಕೆ ಹೊರಟವಳ ಹಾಗೆ ತಲೆ ಬಾಚಿಕೊಂಡು ಬಂದಿದ್ದಳು. ಒಬ್ಬ ಅಣ್ಣನ ಕಾಲರು ಹರಿದಿತ್ತು, ಇನ್ನೊಬ್ಬನ ಕನ್ನಡಕ ಓರೆಯಾಗಿತ್ತು. ನೋಡಿ ನಿಟ್ಟುಸಿರಿಟ್ಟಳು.

"ಇವತ್ತೂನಾ? ಏನಾದ್ರೂ ಮಾಡ್ಕೊಳ್ಳಿ, ನಾನು ಕೇಳ್ದೇ ಎದ್ದೇಳಲ್ಲ" ಎಂದು ಸ್ಪೀಕರುಗಳ ನಡುವಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು.

ಹೆಂಡತಿ ಗಂಡನ ಮುಖ ನೋಡಿದಳು. ಸಿಡುಕಪ್ಪ ತೂಕ ಕಡಿಮೆ ಮಾಡಿ, ಮುಳ್ಳಿನ ತಲೆಯನ್ನು ಉದ್ದದ ತೋಳಿಗೆ ಸಿಕ್ಕಿಸಿ, ಪ್ಲೇಟಿನ ಹೊರ ಅಂಚಿಗೆ ಇಳಿಸಿದ. ಮುಳ್ಳು ಒಮ್ಮೆ ಕುಪ್ಪಳಿಸಿತು.

ಜೋಗುಳ ಬಂತು. ಅದಕ್ಕೆ ಏನೂ ಆಗಿರಲಿಲ್ಲ. ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಸ್ಟೂಲು ಬಿದ್ದಾಗ ಬೆಚ್ಚಿದಳು. "ಥೂ ಕತ್ತೆಗಳಾ" ಎಂದು ಅಮ್ಮ ಬೈದದ್ದಕ್ಕೆ ಅಳುತ್ತಲೇ ನಕ್ಕು, ಅಣ್ಣಂದಿರ ಕಡೆ ತಿರುಗಿ, "ಆವಾಗ್ಲೂ ಹೀಗೇನಾ ನೀವು?" ಎಂದಳು. ಆಮೇಲೆ ಮುಂದಕ್ಕೆ ಬಾಗಿ ಕಾದಳು.

ಸುಯ್ ಎಂದಿತು. ಸುಯ್ ಎಂದುಕೊಂಡೇ ಪ್ಲೇಟು ಮುಗಿಯಿತು. ತೋಳು ತಾನಾಗಿ ಮೇಲೆದ್ದಿತು.

"ನಗು?" ಎಂದಳು ತಂಗಿ. "ದೊಡ್ಡಣ್ಣ, ನೀನು ಹೇಳ್ತಿದ್ಯಲ್ಲ, ಕೊನೇಲಿ ಅಮ್ಮ ನಗ್ತಾಳೆ, ಅದೇ ಕೇಳ್ಬೇಕಾದ್ದು ಅಂತ. ಎಲ್ಲಿ?"

ಅಣ್ಣ ಕೈ ಎತ್ತಿ ತಮ್ಮನನ್ನು ತೋರಿಸಿದ. ತಮ್ಮ ಅಣ್ಣನನ್ನು ತೋರಿಸಿದ. ವಯಸ್ಸಾದ ಗಂಡಸರಿಬ್ಬರು ಸ್ಟೂಲು ಬೀಳಿಸಿದ ಹುಡುಗರ ಹಾಗೆ ನಿಂತಿದ್ದರು. ಕೊನೆಗೆ ನಡೆದದ್ದನ್ನೆಲ್ಲ ಹೇಳಿದವಳು ಸಿಡುಕಪ್ಪನ ಹೆಂಡತಿ. ಒಂದನ್ನೂ ಮುಚ್ಚಿಡಲಿಲ್ಲ, ಸೆರಗಿನ ಕಪ್ಪು ಕಲೆಯನ್ನೂ ತೋರಿಸಿದಳು.

ತಂಗಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಆ ಮನೆಗೆ ಅದು ಅಭ್ಯಾಸವಿತ್ತು. ಅತ್ತಿಗೆಯ ಸೆರಗನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಆವತ್ತು ನಾನೂ ಅಲ್ಲೇ ಇದ್ದೆ ಅಲ್ವಾ, ಅವಳ ಹೊಟ್ಟೇಲಿ?" ಎಂದಳು. "ಮೂರು ಜನಾನೂ ಇದ್ವಿ. ನೀವಿಬ್ರೂ ಅವಳು ನಕ್ಕಿದ್ದನ್ನ ಆವತ್ತು ಕೇಳಿದ್ರಿ, ಆಮೇಲೂ ಕೇಳಿದ್ರಿ, ಇವತ್ತು ಬೆಳಗ್ಗೆಯಿಂದ ಹೊಟ್ಟೆ ಬಿರಿಯೋ ಹಾಗೆ ಕೇಳಿದೀರ. ಕೇಳ್ದೇ ಇರೋಳು ನಾನೊಬ್ಳೇ. ನಂಗೆ ಒಡಕಲೇ ಸಾಕಾಗಿತ್ತಲ್ಲೋ ಚಿಕ್ಕಣ್ಣ. ನಾನ್ ಯಾವಾಗ ಚೆನ್ನಾಗಿರೋದು ಬೇಕು ಅಂದೆ?"

ಯಾರಾದರೂ ಬೈದರೆ ತಿರುಗಿ ಬೈಯುವುದು ಸಿಡುಕಪ್ಪನಿಗೆ ಗೊತ್ತಿತ್ತು. ತಂಗಿ ಬೈಯಲೇ ಇಲ್ಲ.

"ಹೋಗ್ಲಿ" ಎಂದಳು ಅವಳು, ಮೂಗು ಒರೆಸಿಕೊಂಡು. "ಬಾಯಲ್ಲಾದ್ರೂ ಹೇಳಿ. ಹೇಗೆ ನಗ್ತಾ ಇದ್ಳು?"

"ಸಣ್ಣಗೆ" ಎಂದ ಅಣ್ಣ ತಕ್ಷಣ. "ಬಾಯಿ ಮುಚ್ಕೊಂಡು, ಒಳಗೊಳಗೇ..."

"ಅಲ್ಲ, ಬಾಯಿ ಬಿಟ್ಟು" ಎಂದ ತಮ್ಮ.

"ಬಾಯಿ ಬಿಟ್ಟೆಲ್ಲಿ? ಮೂಗಲ್ಲಿ ಬರ್ತಿತ್ತು ಮೊದಲು, ಆಮೇಲೆ..." ಅಣ್ಣ ನಕ್ಕು ತೋರಿಸಲು ಹೋದ. ಅವನ ಗಂಟಲಿಂದ ಹೊರಟದ್ದು ಕೆಮ್ಮಿನಂಥದ್ದೇನೋ. ಇದಲ್ಲ ಎಂದು ತಲೆ ಅಲ್ಲಾಡಿಸಿದ. ಇನ್ನೊಮ್ಮೆ ಪ್ರಯತ್ನಿಸಿದ. ಇದೂ ಅಲ್ಲ. ಕನ್ನಡಕ ತೆಗೆದು ಕೂತುಬಿಟ್ಟ.

ತಂಗಿ ಸಿಡುಕಪ್ಪನ ಕಡೆ ತಿರುಗಿದಳು. "ನೀನು ಹೇಳು ಚಿಕ್ಕಣ್ಣ. ಬೆಳಗ್ಗೆ ಒಂದ್ಸಲ ಚೆನ್ನಾಗಿ ಬಂತಂತಲ್ಲ, ಎದುರಿಗೇ ನಿಂತು ನಕ್ಕ ಹಾಗೆ. ಹೇಗಿತ್ತು ಅದು?"

ಸಿಡುಕಪ್ಪ ಕಣ್ಣು ಮುಚ್ಚಿ ಹುಡುಕಿದ. ಸ್ಟೂಲು ಬಿದ್ದ ಸದ್ದು ಸಿಕ್ಕಿತು, ಬೈಗುಳ ಸಿಕ್ಕಿತು. ಆಮೇಲೆ ಕೇಳಿಸಿದ್ದು ಅಣ್ಣನ 'ಇದೇ' ಎಂಬ ಮಾತು, ಅದಕ್ಕೆ ತನ್ನ ಮೈ ಉರಿದದ್ದು. ನಡುವೆ ಇದ್ದದ್ದನ್ನು ಅವನು ಎಷ್ಟೊಂದು ಗಮನವಿಟ್ಟು ಕೇಳಿದ್ದ! ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ಒಂದೊಂದು ಎಳೆಯನ್ನೂ ಕೇಳಿದ್ದ.

"ಒಡೀಲಿಲ್ಲ ಕಣಮ್ಮ" ಎಂದ ಸಿಡುಕಪ್ಪ. "ಉದ್ದ ತೋಳಲ್ಲಿ ಒಂಚೂರೂ ಒಡೀಲಿಲ್ಲ."